ಕಷ್ಟಕಾಲಕ್ಕೆಂದು ಇಟ್ಟದ್ದು

ನಮ್ಮವರಿಗೆ ಜೀಪೆಂದರೆ ಪ್ರಾಣ. ನೆಂಟರು ಬಂದರೆ ಕಾಫಿಗಿಂತ ಮೊದಲು ಅದರ ಗುಣಗಾನ. "ಇದು ಫೋರ್ ವೀಲ್ ಮಾರಾಯ್ರೆ, ನಾಲ್ಕೂ ಚಕ್ರ ಎಳೆಯುತ್ತೆ" ಎಂದು ಚಿಕ್ಕ ಲಿವರನ್ನು ತೋರಿಸುವರು. ತೋರಿಸುವುದಷ್ಟೇ, ಹಾಕುತ್ತಿರಲಿಲ್ಲ. "ಕಷ್ಟಕಾಲಕ್ಕಿರಲಿ" ಎನ್ನುವರು. ಹೀಗೇ ಐದಾರು ವರ್ಷ ಕಳೆಯಿತು.

ಕಷ್ಟಕಾಲ 2019ರ ಆಗಸ್ಟಿನಲ್ಲಿ ಬಂತು. ಆ ಮಳೆಯನ್ನು ಮಲೆನಾಡಿನವರು ಮರೆಯಲಾರರು. ಕೊಪ್ಪದ ಕಡೆಯ ನಮ್ಮ ತೋಟದ ಮನೆಯಿಂದ ಟಾರು ರಸ್ತೆಗೆ ಒಂದು ಮೈಲಿ ಮಣ್ಣಿನ ಏರು. ಒಂದು ರಾತ್ರಿ ಅತ್ತೆಗೆ ಉಸಿರು ಕಟ್ಟತೊಡಗಿತು. ಅವರನ್ನು ಕಂಬಳಿ ಹೊದಿಸಿ ಕೂರಿಸಿಕೊಂಡು ಹೊರಟೆವು. ಅರ್ಧ ಏರಿಗೆ ಜೀಪು ಹೂತಿತು. ಇವರು ಇಳಿದು ಮುಂದಿನ ಎರಡೂ ಚಕ್ರಗಳ ಹಬ್ಬನ್ನು 'ಲಾಕ್'ಗೆ ತಿರುಗಿಸಿ, ಲಿವರ್ ಎಳೆದು, ಎಕ್ಸಲರೇಟರ್ ಒತ್ತಿದರು. ತಳ್ಳಲು ಇಳಿದಿದ್ದ ನಾನು ಟಾರ್ಚು ಬಿಟ್ಟು ನೋಡಿದೆ. ಹಿಂದಿನ ಚಕ್ರಗಳು ಕೆಸರು ಎರಚುತ್ತಿದ್ದವು. ಮುಂದಿನವು ತಮಗೇನೂ ಸಂಬಂಧವಿಲ್ಲದಂತೆ ನಿಂತಿದ್ದವು!

ಕೊನೆಗೆ ಪಕ್ಕದ ಮನೆಯವರು ಬಂದು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಆ ಸಲ ಅತ್ತೆ ಉಳಿದರು.

ಮಳೆ ಬಿಟ್ಟ ಮೇಲೆ ಗ್ಯಾರೇಜಿನವರು ಜೀಪಿನ ಅಡಿಯನ್ನೂ ನೋಡದೆ, "ಗೇರ್ ಬಾಕ್ಸನ್ನೇ ಇಳಿಸಬೇಕು, 25,000 ಆಗುತ್ತೆ" ಎಂದರು. ನನಗದು ಒಪ್ಪಿಗೆಯಾಗಲಿಲ್ಲ. ಮಗುವಿನ ಲೆಕ್ಕದ ಉತ್ತರ ತಪ್ಪಾದರೆ ನಾವು ಪುಸ್ತಕ ಹರಿಯುತ್ತೇವೆಯೇ? ಯಾವ ಹಂತದವರೆಗೆ ಸರಿಯಿದೆ ಎಂದು ನೋಡುತ್ತೇವೆ. ಜೀಪಿನ ಜೊತೆ ಬಂದಿದ್ದ ಹಳೆಯ ಪುಸ್ತಕದ ಚಿತ್ರ ತೆರೆದು ಕೂತೆ. ಇಂಜಿನ್ನಿನ ಬಲ ಗೇರ್ ಬಾಕ್ಸಿಗೆ, ಅಲ್ಲಿಂದ ಟ್ರಾನ್ಸ್‌ಫರ್ ಕೇಸಿಗೆ, ಅಲ್ಲಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ, ಆಕ್ಸಲ್ಲಿಗೆ, ಕೊನೆಗೆ ಹಬ್ಬಿನ ಮೂಲಕ ಚಕ್ರಕ್ಕೆ.

"ನಿನಗಿದೆಲ್ಲ ಯಾಕೆ?" ಎನ್ನುತ್ತಲೇ ಇವರು ಅಂಗಳದಲ್ಲಿ ಲಿವರ್ ಹಾಕಿ ಜೀಪನ್ನು ಮೆಲ್ಲಗೆ ನಡೆಸಿದರು. ದೂರದಿಂದ ಬಗ್ಗಿ ನೋಡಿದರೆ ಮುಂದಿನ ಶಾಫ್ಟ್ ತಿರುಗುತ್ತಿತ್ತು. ಅಂದರೆ ಅಲ್ಲಿಯವರೆಗೆ ಲೆಕ್ಕ ಸರಿ. ಆಮೇಲೆ ಇಂಜಿನ್ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡನ್ನೂ ಜಾಕಿನಿಂದ ಎತ್ತಿದೆವು. ಹಬ್ಬು ಲಾಕ್‌ನಲ್ಲಿ, ಜೀಪು ಗೇರಿನಲ್ಲಿ. ಆಗ ಎಡಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಬಲಚಕ್ರ ಹಿಂದಕ್ಕೆ ತಿರುಗಬೇಕು. ಅದು ಅಲುಗಲೇ ಇಲ್ಲ. ಹಬ್ಬುಗಳನ್ನು ಬಿಚ್ಚಿಸಿದೆವು. ಬಲಗಡೆಯದು ಚೆನ್ನಾಗಿತ್ತು. ಎಡಗಡೆಯದರೊಳಗೆ ಗ್ರೀಸು ಒಣಗಿ, ತುಕ್ಕು ಹಿಡಿದು, ಹೊರಗೆ 'ಲಾಕ್' ಎಂದು ತೋರಿಸುತ್ತಿದ್ದರೂ ಒಳಗೆ ಕೂಡಿಕೊಂಡಿರಲಿಲ್ಲ.

ಹಾಗಾದರೆ ಸರಿಯಿದ್ದ ಬಲಚಕ್ರವಾದರೂ ಯಾಕೆ ಎಳೆಯಲಿಲ್ಲ? ಎರಡರ ನಡುವಿನ ಡಿಫರೆನ್ಷಿಯಲ್ಲಿನ ಗುಣವೇ ಹಾಗೆ. ಒಂದು ಕಡೆ ಹಿಡಿತ ತಪ್ಪಿದರೆ ಬಲವೆಲ್ಲ ಆ ಕಡೆಗೇ ಸೋರಿಹೋಗುತ್ತದೆ. ಇದನ್ನೋದುವಾಗ ಕೆಲವು ಸಂಸಾರಗಳು ನೆನಪಾಗಿ ನಗು ಬಂತು.

ಹಬ್ಬನ್ನು ತೊಳೆದು, ಹೊಸ ಗ್ರೀಸು ಹಾಕಿಸಿದ್ದಕ್ಕೆ ಸಾವಿರ ರೂಪಾಯಿಯೂ ಆಗಲಿಲ್ಲ. ಇಷ್ಟು ಸಣ್ಣದಕ್ಕೆ ಆ ರಾತ್ರಿ ಅತ್ತೆಯನ್ನು ಕಳೆದುಕೊಳ್ಳುತ್ತಿದ್ದೆವಲ್ಲ ಎಂದು ಆಮೇಲೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ಕಷ್ಟಕಾಲಕ್ಕೆಂದು ಇಟ್ಟದ್ದನ್ನು ಸುಖಕಾಲದಲ್ಲಿ ಒಮ್ಮೆಯಾದರೂ ಬಳಸಿ ನೋಡದಿದ್ದರೆ, ಅದು ಇದೆ ಎಂಬುದು ನಮ್ಮ ಭ್ರಮೆ ಮಾತ್ರ.

ಈಗ ತಿಂಗಳಿಗೊಂದು ಭಾನುವಾರ ಇವರು ಫೋರ್ ವೀಲ್ ಹಾಕಿ ತೋಟದ ಏರು ಹತ್ತಿಸುತ್ತಾರೆ. ಟಾರಿನ ಮೇಲಲ್ಲ, ಮಣ್ಣಿನ ಮೇಲೇ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಿ ಅದು ಜಾರಿ ಸರಿಹೋಗುತ್ತದೆ, ಟಾರಿನಲ್ಲಾದರೆ ಬಿಗಿತ ಕೂಡಿ ಲಿವರೇ ಸಿಕ್ಕಿಕೊಳ್ಳುತ್ತದೆ.

ಅತ್ತೆ ಇನ್ನೆರಡು ವರ್ಷವಿದ್ದರು. ಆ ಭಾನುವಾರಗಳಲ್ಲಿ ಜಗಲಿಯಲ್ಲಿ ಕೂತು, "ಮುಂದಿನದು ತಿರುಗ್ತಾ ಉಂಟೇನೇ?" ಎಂದು ಕೇಳುವರು. ಈಗ ಕೇಳುವವರಿಲ್ಲ. ಆದರೂ ನಾನು ದರೆಯ ಪಕ್ಕ ನಿಂತು, ನೋಡಿ, "ತಿರುಗ್ತಾ ಉಂಟು" ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.