ಬಿಳಿ ಓಕ್ ಮರದಿಂದ ಮೊದಲ್ಗೊಂಡು

ನೀವೀಗ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿದ್ದೀರಿ. ಹಳೆಯ ಕಾಗದಪತ್ರಗಳ ವ್ಯಾಪಾರಿಯೊಬ್ಬ ರಟ್ಟಿನ ಮಡಿಕೆ ಬಿಚ್ಚಿ, 1780ರ ದಶಕದ ಒಂದು ಜಮೀನು ಪತ್ರವನ್ನು ನಿಮ್ಮ ಕಡೆ ಸರಿಸುತ್ತಾನೆ. ಕೈಗವಸು ಬೇಡ. ಕೈ ತೊಳೆದು ಒರೆಸಿಕೊಂಡಿದ್ದರೆ ಸಾಕು. ಗವಸು ತೊಟ್ಟ ಬೆರಳಿಗೆ ಹಾಳೆಯ ಅಂಚು ಗೊತ್ತಾಗದೆ ಕಾಗದ ಹರಿದೀತು. ಮೊದಲು ಅದನ್ನು ಬೆಳಕಿಗೆ ಹಿಡಿಯಿರಿ. ಹತ್ತಿರ ಹತ್ತಿರ ಸಾಗಿದ ತೆಳು ಗೆರೆಗಳು ಕಾಣುತ್ತವೆ. ಇದು ಚಿಂದಿ ಬಟ್ಟೆಯ ನಾರಿನಿಂದ ಕೈಯಲ್ಲಿ ಮಾಡಿದ ಕಾಗದ, ಇಂದಿನ ಪತ್ರಿಕೆಯ ಹಾಳೆಗಿಂತ ಗಟ್ಟಿ. ಶಾಯಿ ಕಂದುಬಣ್ಣಕ್ಕೆ ತಿರುಗಿದೆ. ಓಕ್ ಮರದ ಮಾಚಿಕಾಯಿ, ಅನ್ನಭೇದಿ, ಗೋಂದು ಕಲಸಿ ಮಾಡಿದ ಶಾಯಿ ಅದು. ದಪ್ಪಗೆ ಬಿದ್ದ ಕಡೆ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ.

ಈಗ ಓದಿ. ಸುತ್ತು ಸುತ್ತಿನ ಅಕ್ಷರಕ್ಕೆ ಕಣ್ಣು ಒಗ್ಗಲು ಸ್ವಲ್ಪ ಹೊತ್ತು ಬೇಕು. ಲಿಕಿಂಗ್ ನದಿಗೆ ಸೇರುವ ಒಂದು ತೊರೆಯ ದಡ, ಅಲ್ಲೊಂದು ಬಿಳಿ ಓಕ್, ಪಕ್ಕದಲ್ಲಿ ಎರಡು ಮೇಪಲ್ ಮರ. ಚೆಕ್ಕುಬಂದಿ ಅಲ್ಲಿಂದ ಶುರುವಾಗುತ್ತದೆ. ಆ ಸಾಲಿನ ಹಿಂದೆಯೇ ಕಾಡಿಗೆ ಹೆಜ್ಜೆಯಿಡಿ.

ಮೋಜಣಿದಾರ ನಿಮ್ಮ ಮುಂದಿದ್ದಾನೆ. ಒಂದೇ ಕೋಲನ್ನು ನೆಲಕ್ಕೆ ಊರಿ, ಅದರ ತಲೆಯ ಮೇಲೆ ದಿಕ್ಸೂಚಿ ಕೂರಿಸಿ ಮುಳ್ಳು ನಿಲ್ಲುವವರೆಗೆ ಕಾಯುತ್ತಿದ್ದಾನೆ. ಅವನ ಜೊತೆ ಸರಪಳಿ ಹಿಡಿಯುವ ಇಬ್ಬರು, ಕೊಡಲಿ ಹೊತ್ತ ಒಬ್ಬ. ಸರಪಳಿಯವರು ಸರಿಯಾಗಿ ಅಳೆಯುತ್ತೇವೆಂದು ಪ್ರಮಾಣ ಮಾಡಿ ಬಂದವರು. ಅವರ ಹೆಸರೂ ನಕ್ಷೆಯ ಕೆಳಗೆ ದಾಖಲಾಗುತ್ತದೆ. ಪೊದೆ, ಹಳ್ಳ, ಬಿದ್ದ ಮರ. ಉದ್ದದ ಸರಪಳಿ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ಕಾಡಿನಲ್ಲಿ 33 ಅಡಿಯ ಗಿಡ್ಡ ಸರಪಳಿ ಬಳಸುತ್ತಾರೆ. ನಮ್ಮ ಒಂದು ಗುಂಟೆಯ ಬದಿಯೂ 33 ಅಡಿಯೇ. ಎರಡೂ ಇಂಗ್ಲೆಂಡಿನ 66 ಅಡಿಯ ಗಂಟರ್ ಸರಪಳಿಯ ಅರ್ಧ. ಮೂಲೆ ಬಂದಲ್ಲಿ ಕೊಡಲಿಯವನು ತೊಗಟೆ ಕೆತ್ತಿ ಗುರುತು ಮಾಡುತ್ತಾನೆ. ಮುಂದಿನ ಮೂಲೆ ಒಂದು ಹಿಕರಿ ಮರ, ಅದರ ಮುಂದಿನದು ತೊರೆಯ ತಿರುವು. ಕಲ್ಲು ನೆಡುವುದಿಲ್ಲ. ಮರ ಸತ್ತರೆ, ತೊರೆ ಪಾತ್ರ ಬದಲಿಸಿದರೆ ಎಲ್ಲೆ ಎಲ್ಲಿ ಹೋಯಿತು ಎಂದು ಕೇಳುವವರು ಇನ್ನೂ ಹುಟ್ಟಿಲ್ಲ.

ಆದರೆ ತಕರಾರು ಮಕ್ಕಳ ಕಾಲದವರೆಗೆ ಕಾಯಲಿಲ್ಲ. ಕೆಂಟಕಿ ಆಗ ವರ್ಜೀನಿಯಾದ ಭಾಗ. 1779ರ ವರ್ಜೀನಿಯಾ ಕಾನೂನಿನಂತೆ, 1778ಕ್ಕೆ ಮುಂಚೆ ಬಂದು ನೆಲೆಸಿದವನಿಗೆ 400 ಎಕರೆ, ಅದಕ್ಕೆ ಹೊಂದಿಕೊಂಡ 1,000 ಎಕರೆ ಕೊಳ್ಳಲು ಮೊದಲ ಹಕ್ಕು. ಹಣ ತೆತ್ತವನಿಗೆ ಬೇರೆ ವಾರಂಟ್, ಎಂದರೆ ಇಷ್ಟು ಎಕರೆ ಪಡೆಯಬಹುದೆಂಬ ಅನುಮತಿಪತ್ರ. ವಾರಂಟ್ ಹಿಡಿದವನು ತನಗೆ ಬೇಕಾದ ಕಡೆ ತಾನೇ ನೆಲ ಗುರುತಿಸಿ, ದಾಖಲಿಸಿ, ಅಳೆಯಿಸಿ, ಕೊನೆಗೆ ರಿಚ್ಮಂಡ್‌ನಿಂದ ಹಕ್ಕುಪತ್ರ ತರಬೇಕಿತ್ತು. ಮೊದಲೇ ಅಳೆದ ಸರ್ಕಾರಿ ನಕ್ಷೆ ಇರಲಿಲ್ಲ. ಮನೆಯ ಮಾಡಿನ ಹೆಂಚುಗಳಂತೆ ಒಬ್ಬನ ಜಮೀನಿನ ಮೇಲೆ ಇನ್ನೊಬ್ಬನದು ಕೂತಿತು. ಕೆಂಟಕಿಗೆ ವಲಸಿಗರ ದಾರಿ ತೆರೆದ ಡೇನಿಯಲ್ ಬೂನ್ ಸ್ವತಃ ಮೋಜಣಿ ಮಾಡಿದವನು. ಅವನೇ ಕೆಂಟಕಿಯ ಜಮೀನು ಕಳೆದುಕೊಂಡು 1799ರಲ್ಲಿ ಮಿಸೌರಿಗೆ ಹೊರಟ. ಅಬ್ರಹಾಂ ಲಿಂಕನ್ನರ ತಂದೆ 1816ರಲ್ಲಿ ಇಂಡಿಯಾನಾಕ್ಕೆ ಗುಳೆ ಹೋದದ್ದಕ್ಕೂ ಮುಖ್ಯ ಕಾರಣ ಕೆಂಟಕಿಯ ಹಕ್ಕುಪತ್ರಗಳ ಗೊಂದಲವೇ ಎಂದು ಲಿಂಕನ್ ಹೇಳಿದ್ದಾರೆ. ಜಮೀನುಗಳು ಹೀಗೆ ಒಂದರ ಮೇಲೊಂದು ಕೂರುವುದನ್ನು ತಪ್ಪಿಸುವಂತೆ 1785ರ ಅಮೆರಿಕದ ಕಾನೂನು ಓಹಾಯೋ ನದಿಯ ಆಚೆಯ ನೆಲವನ್ನು ಮೊದಲು ಅಳೆದು ಆಮೇಲೆ ಮಾರುವ ಕ್ರಮ ತಂದಿತು: 6 ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 640 ಎಕರೆಯ 36 ಭಾಗ.

ಮೇಜಿಗೆ ವಾಪಸ್ ಬನ್ನಿ. ಹಾಳೆಯ ಕೆಳತುದಿ ನೋಡಿ. ಸಂಗ್ರಾಹಕರಲ್ಲಿ ಹೆಚ್ಚಿನವರ ಕಣ್ಣು ದೊಡ್ಡ ಹೆಸರಿನ ಸಹಿಯನ್ನು ಹುಡುಕುತ್ತದೆ. ಹಿಂದೆ ಸಹಿಯಷ್ಟನ್ನೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ, ಉಳಿದ ಪತ್ರವನ್ನು ಬಿಸಾಡಿದವರೂ ಇದ್ದರು. ಅದು ಪತ್ರದ ಕೊಲೆ. ಸಹಿಯನ್ನು ನಂಬಿ ದುಡ್ಡು ಸುರಿಯುವವರು ಇದನ್ನೂ ತಿಳಿದಿರಬೇಕು: 1833ರ ಮಾರ್ಚ್‌ನ ಕಾನೂನಿನ ಬಳಿಕ ಅಮೆರಿಕದ ಕೇಂದ್ರ ಸರ್ಕಾರ ಕೊಟ್ಟ ಜಮೀನಿನ ಹಕ್ಕುಪತ್ರಗಳಿಗೆ ಅಧ್ಯಕ್ಷರ ಹೆಸರನ್ನು ಬರೆದವರು ಕಾರ್ಯದರ್ಶಿಗಳು. ಆ ನಂತರದ ಹಕ್ಕುಪತ್ರದ ಮೇಲೆ ಆಂಡ್ರ್ಯೂ ಜಾಕ್ಸನ್ ಎಂದಿದ್ದರೆ ಅದು ಜಾಕ್ಸನ್ನನ ಕೈಬರಹವಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮೂಲೆಯ ಆ ಗುಣಾಕಾರದ ಗುರುತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದಂತೆ, ಓದು ಬಾರದವನು ಅದನ್ನೆಳೆದ. ಅದರ ಸುತ್ತ ಅವನ ಹೆಸರು ಬರೆದವನು ಗುಮಾಸ್ತ. ಅದರ ಕೆಳಗೆ ಇನ್ನೊಂದು ಟಿಪ್ಪಣಿ. ಮಾರುವವನ ಹೆಂಡತಿಯನ್ನು ನ್ಯಾಯಾಧಿಕಾರಿಗಳು ಗಂಡನಿಂದ ಬೇರೆ ಕರೆದು, ಜಮೀನಿನಲ್ಲಿ ನಿನಗಿರುವ ಹಕ್ಕನ್ನು ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೀಯಾ ಎಂದು ಕೇಳಿದ್ದಾರೆ. ಒಪ್ಪಿದಳು ಎಂದಷ್ಟೇ ಬರೆದಿದೆ. ಆಕೆಯ ಬದುಕಿನಿಂದ ಉಳಿದ ಒಂದೇ ಲಿಖಿತ ಸಾಲು ಅದೇ ಇರಬಹುದು. ಕೆಂಟಕಿಯ ಕೌಂಟಿಗಳ, ಎಂದರೆ ಜಿಲ್ಲೆಗಳ, ದಸ್ತಾವೇಜು ಪುಸ್ತಕಗಳಲ್ಲಿ ಜಮೀನಿನ ಪಕ್ಕದ ಪುಟಗಳಲ್ಲೇ ಗುಲಾಮರಾಗಿದ್ದ ಮನುಷ್ಯರ ಮಾರಾಟವೂ ದಾಖಲಾಗಿದೆ. ಅವರ ವಂಶಜರು ಇಂದು ಹಿರಿಯರ ಹೆಸರನ್ನು ಹುಡುಕುವುದು ಇಂಥ ಕಾಗದಗಳಲ್ಲೇ.

ಇನ್ನು, ಪತ್ರದಲ್ಲಿ ಇಲ್ಲದವರು. ಶಾನಿ ಎಂಬ ಮೂಲನಿವಾಸಿ ಜನ ಬೇಟೆಯಾಡಿದ ನೆಲ ಇದು. ಚೆಕ್ಕುಬಂದಿಯಲ್ಲಿ ಅವರ ಸುಳಿವಿಲ್ಲ. 1775ರಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ಜಮೀನು ವ್ಯವಹಾರಸ್ಥ, ಇನ್ನೊಂದು ಮೂಲನಿವಾಸಿ ಜನವಾದ ಚೆರೋಕಿಗಳ ನಾಯಕರಿಂದ ಕೆಂಟಕಿಯ ಬಹುಭಾಗವನ್ನು ಸರಕು ಕೊಟ್ಟು ಕೊಂಡೆನೆಂದ. ವರ್ಜೀನಿಯಾ 1778ರಲ್ಲಿ ಆ ಖರೀದಿಯನ್ನು ರದ್ದು ಮಾಡಿತು, ಆದರೂ ಹೆಂಡರ್ಸನ್ನನ ಕಂಪನಿಗೆ 2,00,000 ಎಕರೆ ಪರಿಹಾರ ಕೊಟ್ಟಿತು. ಮೂಲನಿವಾಸಿಗಳು ಖಾಸಗಿಯವರಿಗೆ ನೇರವಾಗಿ ಮಾರಿದ ಜಮೀನಿನ ಹಕ್ಕು ನಿಲ್ಲದೆಂದು 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಈ ಹಿನ್ನೆಲೆ ಬಿಟ್ಟು ಪತ್ರದ ಚಂದವನ್ನಷ್ಟೇ ಹೊಗಳುವುದು ಅನ್ಯಾಯ.

ಸಂಗ್ರಹದ ಮಾತು ಬಂದಾಗ ಲೈಮನ್ ಡ್ರೇಪರ್ ಎಂಬ ಸಂಗ್ರಾಹಕನನ್ನು ನೆನೆಯಲೇಬೇಕು. 1838ರ ಸುಮಾರಿಗೆ ಶುರುಮಾಡಿ ದಶಕಗಳ ಕಾಲ ಹಳೆಯ ವಲಸಿಗರಿಗೆ ಪತ್ರ ಬರೆದ, ಮನೆಮನೆಗೆ ಹೋದ. 1851ರಲ್ಲಿ ಬೂನ್‌ನ ಮಗ ನೇಥನ್‌ನ ಮನೆಯಲ್ಲಿ ಕೂತು ಅವನ ಮಾತುಗಳನ್ನು ಬರೆದುಕೊಂಡ. ಅವನು ಕೂಡಿಟ್ಟದ್ದು ಇಂದು ಮ್ಯಾಡಿಸನ್‌ನ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಸುಮಾರು 500 ಸಂಪುಟಗಳಾಗಿವೆ. ಒಯ್ದ ಕಾಗದ ಹಿಂದಿರುಗಿಸಲಿಲ್ಲ ಎಂಬ ದೂರೂ ಅವನ ಮೇಲಿದೆ. ದೂರು ಸರಿಯೇ. ಆದರೆ ಆ ಕಾಗದಗಳು ಕಳೆದುಹೋಗಲಿಲ್ಲ. ಇಂದು ಯಾರು ಬೇಕಾದರೂ ಓದಬಹುದು.

ನಿಮ್ಮ ಮುಂದಿನ ಹಾಳೆಗೆ ಬೆಲೆ ಹೇಳುವ ಮೊದಲು ವ್ಯಾಪಾರಿಯನ್ನು ಕೇಳಿ: ಇದು ಯಾರ ಮನೆಯಿಂದ ಬಂತು? ಕ್ರಯಪತ್ರದ ಮೂಲಪ್ರತಿ ಕೊಂಡವನ ಕೈಗೆ ಹೋಗುತ್ತಿತ್ತು, ಕಚೇರಿಯಲ್ಲಿ ಉಳಿಯುತ್ತಿದ್ದುದು ಪುಸ್ತಕಕ್ಕೆ ಇಳಿಸಿದ ನಕಲು. ಹಾಗಾಗಿ ಮೂಲಪತ್ರ ಖಾಸಗಿ ಕೈಯಲ್ಲಿರುವುದು ಸಹಜ. ಕೋರ್ಟಿನ ಕಡತದ ಸಂಖ್ಯೆಯೋ ಕಚೇರಿಯ ಮೊಹರೋ ಕಂಡರೆ, ಅದರ ವಿವರ ಸಿಗುವ ತನಕ ಕೊಳ್ಳಬೇಡಿ. ಕೊಂಡರೆ ಮಡಿಕೆ ಬಿಡಿಸಿ, ಆಮ್ಲರಹಿತ ಕಾಗದದ ನಡುವೆ, ಬಿಸಿಲು ತೇವ ಸೋಕದ ಕಡೆ ಚಪ್ಪಟೆಯಾಗಿಡಿ. ಅಕ್ಷರ ಬಿಡಿಸಿ ಬರೆದು, ಚಿತ್ರದೊಡನೆ ಆ ಕೌಂಟಿಯ ಇತಿಹಾಸ ಸಂಘಕ್ಕೆ ಕಳುಹಿಸಿ. ಮತ್ತೆ, ನಿಮ್ಮ ಊರಿನ ಮನೆಯ ಪೆಟ್ಟಿಗೆಯಲ್ಲೂ ಅಜ್ಜನ ಕಾಲದ ಕ್ರಯಪತ್ರ ಇದ್ದೀತು. ಹರಿದ ಕಡೆ ಸೆಲ್ಲೊಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂಗಡಿಗೆ ಒಯ್ಯಬೇಡಿ. ಅದನ್ನು ಓದಬಲ್ಲ ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು ಓದಿಸಿ, ಬರೆದಿಟ್ಟುಕೊಳ್ಳಿ.