ಹರಾಜು ಕಲಿಸಿದ ಪಾಠ

2024ರ ನವೆಂಬರ್. ಜೆದ್ದಾದಲ್ಲಿ ಐಪಿಎಲ್ ಹರಾಜು. ನಮ್ಮ ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದಾಗ ಹುಬ್ಬಳ್ಳಿಯ ಮನೆಯಲ್ಲಿ ನಾನು ಸಿಟ್ಟಿನಿಂದ ಟಿ.ವಿ. ಆರಿಸಿದೆ. 2008ರಿಂದ ಕಪ್ಪಿಗೆ ಕಾದ ಆರ್‌ಸಿಬಿ ಅಭಿಮಾನಿ ನಾನು! ‘ಅಪ್ಪಾ, ರೊಕ್ಕ ಒಬ್ಬನ ಮ್ಯಾಲೆ ಸುರಿಯೂದಿಲ್ಲ, ಹಂಚತಾರ ನೋಡ್ರಿ’ ಎಂದ ಮಗ.

ಹಾಗೆಯೇ ಆಯಿತು. ಮೂವರನ್ನು ಉಳಿಸಿಕೊಂಡಿದ್ದ ತಂಡ, ಕೈಯಲ್ಲಿದ್ದ 83 ಕೋಟಿಯಲ್ಲಿ ಕೊರತೆಗಳನ್ನು ಒಂದೊಂದಾಗಿ ತುಂಬಿತು. ದುಬಾರಿ ಖರೀದಿಯೆಂದರೆ 12.5 ಕೋಟಿಯ ಹೇಜಲ್‌ವುಡ್. 2025ರ ಜೂನ್ 3ರಂದು 6 ರನ್ನುಗಳಿಂದ ಫೈನಲ್ ಗೆದ್ದಾಗ ಪಂದ್ಯಶ್ರೇಷ್ಠರಾದವರು 5.75 ಕೋಟಿಯ ಕೃಣಾಲ್.

ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತು ಮೊದಲು ಮುಗಿಯುತ್ತದೋ ಅಲ್ಲಿಗೆ ಕ್ರಿಯೆ ನಿಲ್ಲುತ್ತದೆ. ಉಳಿದದ್ದು ಎಷ್ಟಿದ್ದರೂ ವ್ಯರ್ಥ. ಪ್ರತಿವರ್ಷ ಇದನ್ನು ಕಲಿಸುವ ನಾನೇ ಒಮ್ಮೆ ರಸಪ್ರಶ್ನೆ ತಂಡಕ್ಕೆ ಅಂಕಪಟ್ಟಿ ನೋಡಿ ಮೂವರನ್ನು ಆರಿಸಿದ್ದೆ. ಮೂವರೂ ಗಣಿತ, ಭೌತಶಾಸ್ತ್ರದಲ್ಲಿ ಗಟ್ಟಿಗರು. ಗಿಡಮರಗಳ ಪ್ರಶ್ನೆಗಳಲ್ಲಿ ಸೋತೆವು. ಹೊಲದ ಪ್ರತಿ ಕಳೆಯ ಹೆಸರನ್ನೂ ಬಲ್ಲ ಹುಡುಗ ಹಿಂದಿನ ಬೆಂಚಿನಲ್ಲಿದ್ದ. ಅವನ ಅಂಕ ಕಡಿಮೆ. ಮರುವರ್ಷ ಅವನು ಶಾಲೆ ಮುಗಿಸಿ ಹೋದ. ನನ್ನ ತಪ್ಪು ಉಳಿಯಿತು.

ಪಾಲಕರೇ, ಮಗು ಮೊದಲ ಸ್ಥಾನದಲ್ಲಿಲ್ಲವೆಂದು ಕೊರಗಬೇಡಿ. ಅದರಿಂದಲೇ ತುಂಬಬೇಕಾದ ಜಾಗ ಯಾವುದೆಂದು ಹುಡುಕೋಣ.