ಹಿಪ್ಪುನೇರಳೆಯ ಕೇಕು

ನಮ್ಮ ಕರಿಘಟ್ಟದ ಆಸುಪಾಸಿನಲ್ಲಿ ಹಿಪ್ಪುನೇರಳೆ ಬೆಳೆಯುವುದು ಸೊಪ್ಪಿಗಾಗಿ. 18ನೇ ಶತಮಾನದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆಹುಳು ತರಿಸಿ ಬೆಳೆಸಿದ ಕಸುಬು ಇದು. ಸೊಪ್ಪು ಹುಳುವಿಗೆ, ಹಣ್ಣು ಹಕ್ಕಿಗಳಿಗೆ, ಮಕ್ಕಳಿಗೆ. ಪಕ್ಕದ ಮನೆಯ ಅಕ್ಕ ಮಾತ್ರ ಬಟ್ಟಲು ತುಂಬ ಕಪ್ಪು ಹಣ್ಣು ಬಿಡಿಸಿ ನನಗೆ ತಂದುಕೊಡುತ್ತಾರೆ, ಕೇಕಿಗೆಂದು.

ಸ್ಪಂಜ್ ಕೇಕಿನ ಗುಟ್ಟು ಗಾಳಿಯಲ್ಲಿದೆ. 4 ಮೊಟ್ಟೆಗೆ 120 ಗ್ರಾಂ ಸಕ್ಕರೆ ಹಾಕಿ ಮೂರು ಪಟ್ಟು ಉಬ್ಬುವವರೆಗೆ ಕಡೆಯಬೇಕು. 120 ಗ್ರಾಂ ಮೈದಾವನ್ನು ಜರಡಿ ಹಿಡಿದು, ನೊರೆ ಒಡೆಯದಂತೆ ಬೆರೆಸಿ 180 ಡಿಗ್ರಿಯಲ್ಲಿ ಬೇಯಿಸಬೇಕು. ಆರಿದ ಮೇಲೆ, ನೀರು ಒರೆಸಿದ ಹಣ್ಣು.

ಆದರೆ ಅಕ್ಕ ಮೊಟ್ಟೆ ಮುಟ್ಟುವುದಿಲ್ಲ. ಬೆಟ್ಟದ ವೆಂಕಟರಮಣ ಅವರ ಮನೆದೇವರು. "ನಿನ್ನ ಮಕ್ಳು ತಿನ್ಲಿ ಬಿಡವ್ವ" ಎನ್ನುತ್ತಾರೆ. ಹಣ್ಣು ಕೊಟ್ಟವರಿಗೇ ಕೇಕಿಲ್ಲವೆಂದರೆ ಅದೆಂಥ ನೆರೆಹೊರೆ?

ಅವರಿಗೆಂದೇ ಬೇರೆ ಪಾತ್ರೆ ಇಟ್ಟಿದ್ದೇನೆ. ಅದರಲ್ಲಿ ಒಂದು ಕಪ್ ಮೊಸರಿಗೆ ಅರ್ಧ ಚಮಚ ಅಡುಗೆ ಸೋಡಾ. ಹುಳಿ ತಾಗಿ ಸೋಡಾ ನೊರೆಯೇಳುತ್ತದೆ. ಆ ಗುಳ್ಳೆಗಳೇ ಹಿಟ್ಟನ್ನು ಎತ್ತುತ್ತವೆ. ಮೊಟ್ಟೆಯದರಷ್ಟು ಹಗುರವಾಗದು, ನಿಜ. ಆದರೂ ಕಳೆದ ಶನಿವಾರ ಬೆಟ್ಟ ಇಳಿದು ಬಂದ ಅಕ್ಕ, ಎರಡನೆಯ ತುಂಡನ್ನು ತಾವೇ ಕೇಳಿ ತೆಗೆದುಕೊಂಡರು.